ಅಂಗಡಿಗಳಿಲ್ಲದ ಹಿರಿಯಂಗಡಿ: ಕಾರ್ಕಳ ಪೇಟೆ ಜಾಗ ಬದಲಿಸಿದ ಕಥೆ

ಕಾರ್ಕಳದಲ್ಲಿ ಹಿರಿಯಂಗಡಿ ಎಂಬ ಬೀದಿ ಇದೆ. ಹೆಸರು ಕೇಳಿ ಮನೆ ಸಾಮಾನಿನ ಪಟ್ಟಿ ಹಿಡಿದು ಅಲ್ಲಿಗೆ ಹೋದರೆ ಹೆಚ್ಚುಕಡಿಮೆ ಬರಿಗೈಯಲ್ಲೇ ವಾಪಸ್ ಬರಬೇಕಾದೀತು. ಅಲ್ಲಿರುವುದು ಬಸದಿಗಳು, ಅವುಗಳ ನಡುವೆ ಎದ್ದು ನಿಂತ ಒಂದು ಕಲ್ಲಿನ ಕಂಬ, ಹಂಚಿನ ಮಾಡಿನ ಮನೆಗಳು, ಮಧ್ಯಾಹ್ನವಾದರೆ ಸಾಕಷ್ಟು ಮೌನ. ಅಕ್ಕಿ, ಬಟ್ಟೆ, ಚಿನ್ನ, ಔಷಧ, ಮೊಬೈಲ್ ರೀಚಾರ್ಜ್ ಎಲ್ಲ ಇರುವುದು ಬೇರೆ ಕಡೆ. ಅನಂತಶಯನ, ವೆಂಕಟರಮಣ ದೇವಸ್ಥಾನ, ಮೂರುಮಾರ್ಗ, ಬಸ್ ನಿಲ್ದಾಣ ಎಂಬ ಹೆಸರುಗಳ ನಡುವೆ ಹಬ್ಬಿಕೊಂಡಿರುವ ಇವತ್ತಿನ ಪೇಟೆಯಲ್ಲಿ.

ಹಾಗಾದರೆ ಅಂಗಡಿಯೇ ಇಲ್ಲದ ಜಾಗಕ್ಕೆ ಹಿರಿಯಂಗಡಿ ಎಂಬ ಹೆಸರು ಯಾಕೆ? ತುಳುನಾಡಿನಲ್ಲಿ ‘ಅಂಗಡಿ’ ಎಂದು ಮುಗಿಯುವ ಊರುಗಳು ಬೇಕಾದಷ್ಟಿವೆ: ಬೆಳ್ತಂಗಡಿ, ಉಪ್ಪಿನಂಗಡಿ, ಹಳೆಯಂಗಡಿ. ಇಲ್ಲೆಲ್ಲ ‘ಅಂಗಡಿ’ ಎಂದರೆ ನಾಲ್ಕು ಗೋಡೆಯ ಒಂದು ಮಳಿಗೆ ಅಲ್ಲ, ವ್ಯಾಪಾರ ನಡೆಯುವ ಇಡೀ ಜಾಗ. ‘ಹಿರಿ’ ಎಂದರೆ ದೊಡ್ಡದು, ಹಳೆಯದು ಎರಡೂ ಹೌದು. ಒಂದು ಕಾಲಕ್ಕೆ ಕಾರ್ಕಳದ ದೊಡ್ಡ ಪೇಟೆ ಇದೇ ಆಗಿತ್ತು, ಆಮೇಲೆ ಬೇರೆ ಪೇಟೆ ಹುಟ್ಟಿದಾಗ ಇದು ಹಳೆಯ ಪೇಟೆ ಆಯಿತು ಎಂದು ಹೆಸರೇ ಹೇಳುತ್ತದೆ. ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಜಾಗವನ್ನು ‘ಹಳೆಯಂಗಡಿ’ ಎಂದೇ ಬರೆದದ್ದುಂಟು. ಮೂಲ್ಕಿ ಹತ್ತಿರದ ಹಳೆಯಂಗಡಿಗೆ ಹೋಗಿ ಅಲ್ಲಿ ಐವತ್ತು ಅಡಿಯ ಜೈನ ಕಂಬವನ್ನು ಹುಡುಕಿದವರು ಯಾರಾದರೂ ಇದ್ದರೆ, ಅವರು ದಾರಿ ತಪ್ಪಿದ್ದು ಈ ಪುಸ್ತಕಗಳಿಂದ.

ಕಾರ್ಕಳ ಎಂದರೆ ಹೊರಗಿನವರಿಗೆ ಗೊಮ್ಮಟ. 1432ರ ಫೆಬ್ರವರಿ 13ರಂದು ವೀರಪಾಂಡ್ಯ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಏಕಶಿಲಾ ಮೂರ್ತಿ. ಅದರ ಕಥೆ ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳಿಗೂ ಗೊತ್ತು, ಇಲ್ಲಿ ಬಿಡೋಣ. ನನ್ನ ಕುತೂಹಲ ಬೆಟ್ಟದ ಕೆಳಗಿನದು. ಅಷ್ಟು ದೊಡ್ಡ ಕೆಲಸ ಹಿಡಿಯಲು ರಾಜನ ಕೈಯಲ್ಲಿ ಹಣ ಇರಬೇಕು, ನೂರಾರು ಆಳುಗಳಿಗೆ ತಿಂಗಳುಗಟ್ಟಲೆ ಊಟ ಹಾಕಲು ಅಕ್ಕಿ ಇರಬೇಕು, ಅಕ್ಕಿ ತರುವವರು, ಅಳೆಯುವವರು, ಸಾಲ ಕೊಡುವವರು ಇರಬೇಕು. ಅಂದರೆ ಗೊಮ್ಮಟನಿಗಿಂತ ಮೊದಲೇ ಪೇಟೆ ಇರಬೇಕು. ಇತ್ತು ಕೂಡ. ಹಿರಿಯಂಗಡಿಯ ಶಾಂತಿನಾಥ ಬಸದಿಗೆ ಲೋಕನಾಥದೇವರಸನ ಕಾಲದಲ್ಲಿ, 1334ರಲ್ಲಿ, ರಾಜನ ಸಹೋದರಿಯರು ಅಧಿಕಾರಿಗಳ ಜೊತೆ ಸೇರಿ ದಾನ ಕೊಟ್ಟದ್ದು ಶಾಸನದಲ್ಲಿದೆ. ಗೊಮ್ಮಟ ನಿಲ್ಲುವುದಕ್ಕೆ 98 ವರ್ಷ ಮೊದಲು. ಬೆಟ್ಟದ ಮೇಲೆ ಬರೀ ಬಂಡೆ ಇದ್ದ ಕಾಲಕ್ಕೆ ಈ ಬೀದಿಯಲ್ಲಿ ದೀಪ ಹಚ್ಚುವುದಕ್ಕೂ ದಾನ ಕೊಡುವುದಕ್ಕೂ ಜನ ಇದ್ದರು.

ಬೀದಿಯ ಕಂಬದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ನೇಮಿನಾಥ ಬಸದಿಯ ಎದುರಿನ ಮಾನಸ್ತಂಭ ಅದು. ಕಾಂಡ ಒಂದೇ ಕಲ್ಲಿನದು, 33 ಅಡಿ. ಪೀಠ, ಬೋದಿಗೆ, ತುದಿಯಲ್ಲಿರುವ ಪುಟ್ಟ ಕಲ್ಲಿನ ಗುಡಿ ಎಲ್ಲ ಸೇರಿದರೆ 50 ಅಡಿಯ ಆಸುಪಾಸು. ಕಾಂಡದ ಉದ್ದಕ್ಕೂ ಎಂಟು ಪಟ್ಟಿ, ಒಂದರ ಕೆತ್ತನೆ ಇನ್ನೊಂದರಂತಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಜೈನ ಕಂಬಗಳಲ್ಲಿ ಇದೇ ಅತ್ಯುತ್ತಮ ಎಂದು ಬ್ರಿಟಿಷರ ಕಾಲದ ಬರಹಗಾರರು ಬರೆದಿಟ್ಟಿದ್ದಾರೆ. ನನಗೆ ಕಲೆಯ ಬಗ್ಗೆ ತೀರ್ಪು ಕೊಡುವಷ್ಟು ಗೊತ್ತಿಲ್ಲ. ಆದರೆ ಇಂಥ ಕಂಬವನ್ನು ಜನ ಓಡಾಡದ ಮೂಲೆಯಲ್ಲಿ ಯಾರೂ ನಿಲ್ಲಿಸುವುದಿಲ್ಲ ಎಂಬುದಂತೂ ಗೊತ್ತು.

ಪೇಟೆ ಇಲ್ಲೇ ಯಾಕೆ ಹುಟ್ಟಿತು? ನಕಾಶೆ ನೋಡಿದರೆ ಸಾಕು. ಪೂರ್ವಕ್ಕೆ ಪಶ್ಚಿಮ ಘಟ್ಟ, ಅದರ ಆಚೆ ಕಳಸ. ಪಶ್ಚಿಮಕ್ಕೆ ಬಾರಕೂರು, ಕಾಪು, ಮೂಲ್ಕಿ, ಮಂಗಳೂರಿನ ಕಡಲ ತೀರ. ಕಾರ್ಕಳ ಆಳಿದ ಭೈರರಸರು ಹುಂಚದ ಸಾಂತರರ ವಂಶ ಹೇಳಿಕೊಂಡವರು. ಮೊದಲು ಘಟ್ಟದ ಮೇಲೆ, ಕಳಸದಲ್ಲಿ ಗಟ್ಟಿಯಾಗಿ, ಆಮೇಲೆ ಕೆಳಗೆ ಇಳಿದವರು. ಹಾಗಾಗಿ ಅವರ ರಾಜ್ಯದ ಹೆಸರೇ ಕಳಸ-ಕಾರ್ಕಳ. ಮೇಲೊಂದು ಕಾಲು, ಕೆಳಗೊಂದು ಕಾಲು. ಮೇಲಿನಿಂದ ಕಾಳುಮೆಣಸು ಇಳಿಯಬೇಕು, ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಏರಬೇಕು. ಘಟ್ಟ ಇಳಿದ ಎತ್ತುಗಳು ದಣಿವಾರಿಸಿಕೊಳ್ಳುವ, ಹೊರೆ ಕೈಬದಲಾಯಿಸುವ ಜಾಗ ಘಟ್ಟದ ಬುಡದ ಹತ್ತಿರವೇ ಇರಬೇಕಲ್ಲ? ನೀರೂ ಇತ್ತು. ಆನೆಕೆರೆಯನ್ನು 1262ರಲ್ಲಿ ಪಾಂಡ್ಯದೇವ ಕಟ್ಟಿಸಿದ ಎನ್ನುತ್ತಾರೆ. ರಾಜನ ಆನೆಗಳಿಗೆ ಸ್ನಾನ ಮಾಡಿಸುತ್ತಿದ್ದ ಕೆರೆ ಎಂಬುದು ಊರಿನ ಮಾತು.

ಆದರೆ ಮೆಣಸಿನ ಕಥೆಗೆ ನಾವು ಸ್ವಲ್ಪ ಹೆಚ್ಚೇ ಮರುಳಾಗುತ್ತೇವೆ ಅಂತ ನನಗೆ ಅನ್ನಿಸುತ್ತದೆ. ಅರಬರು, ಪೋರ್ಚುಗೀಸರು, ಹಡಗು, ಯುದ್ಧ ಎಲ್ಲ ಇರುವ ಕಥೆ ಅದು, ಕೇಳಲು ಚೆಂದ. ಕಾರ್ಕಳದಂಥ ಊರು ದಿನ ದಿನವೂ ಬದುಕಿದ್ದು ಅಕ್ಕಿಯಿಂದ. ಏಣೆಲು, ಸುಗ್ಗಿ, ನೀರು ನಿಂತ ತಗ್ಗಿನ ಗದ್ದೆಗಳಲ್ಲಿ ಕೊಳಕೆ, ಹೀಗೆ ವರ್ಷಕ್ಕೆ ಮೂರು ಬೆಳೆ ತೆಗೆದ ಗದ್ದೆಗಳು ಈ ತಾಲೂಕಿನಲ್ಲಿದ್ದವು. ಕೆನರಾದ ಅಕ್ಕಿ ಇಲ್ಲದಿದ್ದರೆ ಪೋರ್ಚುಗೀಸರ ಗೋವಾಕ್ಕೆ ಊಟ ಇರಲಿಲ್ಲ. ಮಸ್ಕತ್, ಹೊರ್ಮುಜ್‌ಗೂ ಇಲ್ಲಿನ ಬಂದರುಗಳಿಂದ ಅಕ್ಕಿ ಹೋಗುತ್ತಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ತೀರದ ಬಗ್ಗೆ ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೊಸ, ಇಲ್ಲಿಯ ಜನ ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿದ ದುಂಡನೆಯ ಮೂಟೆಗಳಲ್ಲಿ ಹಡಗಿಗೆ ತುಂಬುತ್ತಾರೆ ಎನ್ನುತ್ತಾನೆ. ಅವನು ನೋಡಿದ್ದು ನಮ್ಮ ಮುಡಿಯನ್ನು!

ಮುಡಿ ನೋಡದವರಿಗಾಗಿ ಹೇಳುತ್ತೇನೆ. ಈಗಿನ ಹುಡುಗರು ಅದನ್ನು ಯಾವುದಾದರೂ ಕೃಷಿಮೇಳದ ವೇದಿಕೆಯ ಮೇಲೋ, ಆಟಿ ತಿಂಗಳ ಕಾರ್ಯಕ್ರಮದಲ್ಲೋ ಮಾತ್ರ ಕಂಡಿರುತ್ತಾರೆ. ಒಣ ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ಹಗ್ಗ ಹೊಸೆದು ಸುತ್ತಿ ಸುತ್ತಿ ಬಿಗಿದು, ಮರದ ತುಂಡಿನಿಂದ ಬಡಿದು ಬಡಿದು ದುಂಡಗೆ ಮಾಡುತ್ತಾರೆ. ಸರಿಯಾಗಿ ಕಟ್ಟಿದ ಮುಡಿಯೊಳಗೆ ಗಾಳಿ ಆಡುವುದಿಲ್ಲ, ಹುಳ ಹೋಗುವುದಿಲ್ಲ. ಮಳೆಗಾಲ ದಾಟಿದರೂ ಅಕ್ಕಿ ಕೆಡುವುದಿಲ್ಲ. ನಮ್ಮ ಮಳೆಗಾಲ ಎಂಥದು ಎಂದು ಗೊತ್ತಿದ್ದವರಿಗೆ ಇದು ಸಣ್ಣ ಮಾತಲ್ಲ ಎಂದು ಗೊತ್ತಾಗುತ್ತದೆ. ಮೂರು ಕಳಸಿಗೆಗೆ ಒಂದು ಮುಡಿ, ಅಂದರೆ 42 ಸೇರು, ಇವತ್ತಿನ ತೂಕದಲ್ಲಿ 40 ಕಿಲೋದ ಆಸುಪಾಸು. ಒಬ್ಬ ಗಂಡಾಳು ತಲೆಯ ಮೇಲೆ ಹೊತ್ತು ನಡೆಯಬಹುದಾದ ಭಾರ. ಅದು ಬರೀ ಚೀಲವಾಗಿರಲಿಲ್ಲ, ಅಳತೆಯಾಗಿತ್ತು, ದುಡ್ಡಾಗಿತ್ತು. ಗದ್ದೆಯನ್ನು ಕೂಡ ಎಷ್ಟು ಮುಡಿ ಬಿತ್ತನೆಯದು ಎಂದೇ ಅಳೆಯುತ್ತಿದ್ದರು. ಗೇಣಿ ಮುಡಿಯಲ್ಲಿ. ದೇವಸ್ಥಾನದ ನೈವೇದ್ಯ ಮುಡಿಯಲ್ಲಿ. ಮದುವೆಗೆ ಮಾಡಿದ ಸಾಲ ತೀರಿಸುವುದು ಮುಡಿಯಲ್ಲಿ.

1586ರಲ್ಲಿ ಇಮ್ಮಡಿ ಭೈರರಸ ಚತುರ್ಮುಖ ಬಸದಿ ಕಟ್ಟಿಸಿದ. ನಾಲ್ಕೂ ದಿಕ್ಕಿಗೆ ಒಂದೇ ಥರದ ಬಾಗಿಲು, ಒಳಗೆ ಎತ್ತರದ ಕಂಬಗಳು, ಮೇಲೆ ಹಾಸುಗಲ್ಲಿನ ಮಾಡು. ನೋಡಲು ಹೋದವರೆಲ್ಲ ಫೋಟೋ ತೆಗೆಯುವುದು ಕಂಬಗಳನ್ನು. ನಾನು ಹೇಳುವುದಾದರೆ, ಅಲ್ಲಿನ ಶಾಸನದ ಲೆಕ್ಕದ ಭಾಗ ಕಂಬಗಳಷ್ಟೇ ಸ್ವಾರಸ್ಯದ್ದು. ಬಸದಿಯ ಖರ್ಚಿಗೆಂದು ರಾಜ ತೆಳಾರು ಗ್ರಾಮದಿಂದ ಬರುವ 700 ಮುಡಿ ಅಕ್ಕಿಯನ್ನು ಬಿಟ್ಟುಕೊಟ್ಟ. ಅದರ ಮೇಲೆ ರೆಂಜಾಳ ಮತ್ತು ನಲ್ಲೂರಿನ ತೆರಿಗೆಯಿಂದ 238 ವರಹ. ತೆಳ್ಳಾರು, ರೆಂಜಾಳ, ನಲ್ಲೂರು ಈ ಮೂರೂ ಊರುಗಳು ಇವತ್ತಿಗೂ ಕಾರ್ಕಳದ ಸುತ್ತಮುತ್ತಲೇ ಇವೆ, ಬಸ್ಸಿನ ಬೋರ್ಡಿನಲ್ಲಿ ಕಾಣುತ್ತವೆ. ಈಗಿನ ಲೆಕ್ಕ ಹಿಡಿದರೆ 700 ಮುಡಿ ಎಂದರೆ ಸುಮಾರು 28 ಟನ್ ಅಕ್ಕಿ. ಏಳುನೂರು ತಲೆಹೊರೆಗಳು ಪ್ರತಿ ವರ್ಷ ಗದ್ದೆಯಿಂದ ಪೇಟೆಯ ಕಡೆಗೆ ನಡೆದು ಬಂದವು. ಪೂಜೆಯವರು, ಅಡುಗೆಯವರು, ಹೂವಿನವರು, ವಾದ್ಯದವರು ಎಷ್ಟು ಉಂಡರೂ ಅಷ್ಟೆಲ್ಲ ಮುಗಿಯುವುದಿಲ್ಲ. ಉಳಿದದ್ದು ಎಣ್ಣೆಯಾಗಬೇಕು, ಬತ್ತಿಯಾಗಬೇಕು, ಬಟ್ಟೆಯಾಗಬೇಕು, ಒಡೆದ ಮಾಡಿನ ರಿಪೇರಿಯಾಗಬೇಕು. ಅಕ್ಕಿ ಎಣ್ಣೆಯಾಗಿ ಬದಲಾಗುವ ಜಾಗವೇ ಪೇಟೆ. ತುಳುನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಸೆಟ್ಟಿಕಾರರು’, ‘ಹಲರು’ ಎಂಬ ವ್ಯಾಪಾರಿ ಮತ್ತು ಊರ ಪ್ರಮುಖರ ಗುಂಪುಗಳಿಗೆ ದೇವಾಲಯದ ವ್ಯವಹಾರದಲ್ಲಿ ಅಷ್ಟು ಮಾತು ಇದ್ದದ್ದು ಸುಮ್ಮನೆ ಅಲ್ಲ.

ಭೈರರಸರ ಮೇಲೆ ಕೆಳದಿಯವರು, 1763ರಲ್ಲಿ ಹೈದರ್, ಆಮೇಲೆ ಟಿಪ್ಪು, 1799ರಲ್ಲಿ ಇಂಗ್ಲಿಷರು. ರಾಜರು ಹೋದರು. ರಾಜರ ಬೆನ್ನಿಗಿದ್ದ ಪೇಟೆಯೂ ಅದೇ ಜಾಗದಲ್ಲಿ ಉಳಿಯಬೇಕೆಂದಿಲ್ಲ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ದಾರಿಯಾಗಿ ಬಂದಾಗ ಕಂಡದ್ದು ಕೋಟೆಗೋಡೆಗಳಿಲ್ಲದ, ಸುಮಾರು 200 ಮನೆಗಳ ಒಂದು ಊರು, ಹೆಚ್ಚಿನವು ಅಂಗಡಿಕಾರರ ಮನೆಗಳು. ಹತ್ತಿರದಲ್ಲೇ ಭೈರರಸರ ಅರಮನೆಯ ಅವಶೇಷ. ಈ ಎರಡು ವಿವರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅರಮನೆ ಬಿದ್ದಿದೆ, ಅಂಗಡಿ ನಿಂತಿದೆ. ಗೊಮ್ಮಟನನ್ನೂ ಆತ ಅಳೆದು 38 ಅಡಿ ಎಂದು ಬರೆದ, ಅದು ಬೇರೆ ಮಾತು.

ಆ ಹೊತ್ತಿಗೆ ಪೇಟೆಯ ನಡು ಎಲ್ಲಿತ್ತು? ವೆಂಕಟರಮಣ ದೇವಸ್ಥಾನದ ಸುತ್ತ ಎಂದು ನಾನು ಭಾವಿಸುತ್ತೇನೆ. ಗೋವಾದಲ್ಲಿ ಪೋರ್ಚುಗೀಸರ ಧಾರ್ಮಿಕ ಹಿಂಸೆ ಜೋರಾದ ಹದಿನಾರನೆಯ ಶತಮಾನದಲ್ಲಿ ದಕ್ಷಿಣಕ್ಕೆ ಬಂದ ಕೊಂಕಣಿ ಮಾತಿನ ಕುಟುಂಬಗಳು ಈ ಕರಾವಳಿಯ ಪೇಟೆಗಳನ್ನೆಲ್ಲ ಬದಲಾಯಿಸಿದವು. ಬಸ್ರೂರು, ಮಂಗಳೂರು, ಮೂಲ್ಕಿ, ಕಾರ್ಕಳ ಎಲ್ಲ ಕಡೆ ಒಂದೇ ನಮೂನೆ: ವೆಂಕಟರಮಣನ ಗುಡಿ, ಎದುರು ರಥಬೀದಿ, ರಥಬೀದಿಯ ಎರಡೂ ಬದಿ ಅಂಗಡಿ, ಅಂಗಡಿಯ ಹಿಂದೆ ಉದ್ದನೆಯ ಮನೆ. ಕಾರ್ಕಳದ ದೇವಸ್ಥಾನಕ್ಕೆ ಪಡುತಿರುಪತಿ ಎಂದೇ ಹೆಸರು. ಲಕ್ಷದೀಪೋತ್ಸವದ ರಾತ್ರಿ ಇಡೀ ಪೇಟೆ ಎಚ್ಚರ ಇರುತ್ತದೆ. ಬಸದಿಯ ಸುತ್ತ ಇದ್ದ ವ್ಯಾಪಾರ ನಿಧಾನವಾಗಿ ರಥಬೀದಿಗೆ ಸರಿದದ್ದು ಹೀಗೆ. ಜಗಳ ಆಡಿ ಸರಿದದ್ದಲ್ಲ, ಗಿರಾಕಿ ಎಲ್ಲಿಗೆ ಹೋಗುತ್ತಾನೋ ಅಲ್ಲಿಗೆ. ಅನಂತಶಯನ ದೇವಸ್ಥಾನವನ್ನು ಕೂಡ ಜೈನ ಅರಸನೇ, ಶೃಂಗೇರಿಯ ಸ್ವಾಮಿಗಳ ಮಾತಿಗೆ ಕಟ್ಟುಬಿದ್ದು ಕಟ್ಟಿಸಿದ ಎಂಬ ಕಥೆ ಊರಿನಲ್ಲಿದೆ. ಕಥೆ ನಿಜವೋ ಅಲ್ಲವೋ, ಊರು ತನ್ನ ಬಗ್ಗೆ ಹೀಗೆ ಹೇಳಿಕೊಳ್ಳಲು ಇಷ್ಟಪಡುತ್ತದೆ ಎಂಬುದೇ ನನಗೆ ಮುಖ್ಯ.

ಈಗ ಬೀದಿಯ ರೂಪದ ಬಗ್ಗೆ. ‘ಹಳೇ ಕಾಲದ ಪೇಟೆ’ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಕೆಂಪು ಹಂಚಿನ ಮಾಡು, ಎತ್ತರದ ಜಗಲಿ, ಒಂದೊಂದೇ ಹಲಗೆ ಜಾರಿಸಿ ಮುಚ್ಚುವ ಬಾಗಿಲು. ಹಲಗೆಗಳು ಅದಲುಬದಲಾಗದಂತೆ ಅಂಕೆ ಬರೆದಿರುತ್ತದೆ. ಆದರೆ ಮಂಗಳೂರು ಹಂಚು ಅಷ್ಟು ಹಳೆಯದಲ್ಲ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮೊದಲು ಸಾಮಾನ್ಯರ ಮನೆ, ಅಂಗಡಿಗಳ ಮೇಲೆ ಇದ್ದದ್ದು ಹುಲ್ಲು, ತೆಂಗಿನ ಮಡಲು. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಬೀದಿಗೆ ಬೀದಿಯೇ ಬೂದಿ. ಹಂಚು ಬಂದದ್ದರಿಂದ ಅಂಗಡಿಗೆ ಮಹಡಿ ಬಂತು, ಮಹಡಿಯ ಮೇಲೆ ದಾಸ್ತಾನು ಇಡುವ ಧೈರ್ಯ ಬಂತು, ಜವಳಿ ವ್ಯಾಪಾರ ಬೆಳೆಯಿತು. ನಾವು ಕಳೆದುಕೊಳ್ಳುತ್ತಿದ್ದೇವೆ ಎಂದು ಹಲುಬುವ ಬೀದಿ ಭೈರರಸರದ್ದಲ್ಲ. ನಮ್ಮ ಮುತ್ತಜ್ಜಂದಿರ ಕಾಲದ ಆಧುನಿಕ ಬೀದಿ ಅದು. ಇದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ. ಆದರೆ ಒಂದು ಕಾರ್ಖಾನೆಯ ಮಾಲು ಎಷ್ಟು ಬೇಗ ‘ಪರಂಪರೆ’ ಆಗಿಬಿಡುತ್ತದೆ ನೋಡಿ.

ಈ ಬೀದಿಗೂ ಹಳ್ಳಿಗೂ ಇದ್ದ ಸಂಬಂಧ ಸುಖದ್ದೇ ಆಗಿತ್ತು ಎಂದು ನಾನು ಬರೆಯಲಾರೆ. ಪರಂಪರೆಯ ಬಗ್ಗೆ ಬರೆಯುವವರು ಜಗಲಿಯ ತಂಪಿನ ಬಗ್ಗೆ ಬರೆಯುತ್ತಾರೆ, ಜಗಲಿಯ ಕೆಳಗೆ ನಿಂತವನ ಬಗ್ಗೆ ಬರೆಯುವುದು ಕಡಿಮೆ. ಸರಕಾರದ ಕಿಸ್ತು ಹಣದಲ್ಲಿ ಕಟ್ಟಬೇಕು, ಬೆಳೆದದ್ದು ಅಕ್ಕಿ. ಹಾಗಾಗಿ ಕೊಯ್ಲಾದ ಕೂಡಲೇ, ಅಂದರೆ ಧಾರಣೆ ಬಿದ್ದಿರುವಾಗಲೇ, ಮಾರಬೇಕು. ಆಟಿಯಲ್ಲಿ ಮನೆಯಲ್ಲಿ ಅಕ್ಕಿ ಮುಗಿದಾಗ ಅದೇ ಅಂಗಡಿಯಿಂದ ಏರಿದ ಧಾರಣೆಗೆ ಸಾಲ ತರಬೇಕು. 1830-31ರಲ್ಲಿ ಅಕ್ಕಿಯ ಬೆಲೆ ಕುಸಿದಾಗ ಕೆನರಾದ ರೈತರು ಊರೂರಲ್ಲಿ ‘ಕೂಟ’ ಸೇರಿ ಕಂದಾಯ ಕಟ್ಟಲು ಒಪ್ಪದೆ ನಿಂತದ್ದುಂಟು. ಅದರ ಆಚೆಗೂ ಕಷ್ಟ ಇತ್ತು. ಗದ್ದೆ ಉಳುವವನು ಗೇಣಿ ಒಕ್ಕಲು, ಗದ್ದೆಯ ಧನಿ ಬೇರೆ. ಮೂಲಗೇಣಿಯವನಿಗೆ ಸ್ವಲ್ಪ ಭದ್ರತೆ, ಚಾಲಗೇಣಿಯವನು ಧನಿ ಏಳು ಎಂದರೆ ಏಳಬೇಕು. ಗೇಣಿಯ ಮುಡಿಗಳು ಧನಿಯ ಅಂಗಳ ಸೇರಿ, ಅಲ್ಲಿಂದ ಪೇಟೆಯ ಅಂಗಡಿಗೆ, ಅಕ್ಕಿ ಗಿರಣಿಗೆ. ಮುಡಿ ಕಟ್ಟಿದವನ ಕೈಗೆ ಉಳಿದದ್ದು ಹೊಟ್ಟು, ನುಚ್ಚು. ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರ ದುಡ್ಡನ್ನು ಕೈಯಿಂದ ಮುಟ್ಟಿ ತೆಗೆದುಕೊಳ್ಳುತ್ತಾರೆ, ಯಾರು ನೆಲದ ಮೇಲೆ ಇಡಬೇಕು ಎಂಬುದೆಲ್ಲ ಬೀದಿಯಲ್ಲಿ ಬರೆಯದ ಕಾನೂನಾಗಿತ್ತು. ಎತ್ತರದ ಜಗಲಿ ಮಳೆನೀರಿಗೆ ಮಾತ್ರ ಎತ್ತರ ಮಾಡಿದ್ದಲ್ಲ.

ಎರಡು ಸಂಗತಿಗಳು ಇದನ್ನು ಸಡಿಲಿಸಿದವು. ಒಂದು ಬಸ್ಸು. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ನಮ್ಮ ಅಜ್ಜಂದಿರ ಬಾಯಲ್ಲಿ ‘ಸಿಪಿಸಿ’, ಶುರುವಾದದ್ದು 1914ರಲ್ಲಿ. ರೈಲು ಇಲ್ಲದ ಕಾರ್ಕಳಕ್ಕೆ (ಈಗಲೂ ಇಲ್ಲ, ಕೊಂಕಣ ರೈಲು ಕಡಲ ಬದಿಯಲ್ಲೇ ಓಡಿಹೋಯಿತು) ಬಸ್ಸೇ ಎಲ್ಲ. ಎತ್ತಿನಗಾಡಿಯವನಿಗೆ ಹತ್ತಿರದ ಪೇಟೆಯೇ ಪೇಟೆ. ಬಸ್ಸಿಗೆ ಹತ್ತಿದವನು ಇಲ್ಲಿ ಧಾರಣೆ ಸರಿಬರದಿದ್ದರೆ ಉಡುಪಿಗೋ ಮಂಗಳೂರಿಗೋ ಹೋಗಿ ಕೇಳಬಹುದು. ಪೇಟೆಯ ನಡು ರಥಬೀದಿಯಿಂದ ಬಸ್ಸು ನಿಲ್ಲುವ ಕಡೆಗೆ ಒಂದಷ್ಟು ಸರಿಯಿತು, ಹೋಟೆಲುಗಳು ಹುಟ್ಟಿದವು. ಇನ್ನೊಂದು ಬ್ಯಾಂಕು. 1906ರಲ್ಲಿ ಹಾಜಿ ಅಬ್ದುಲ್ಲಾ ಮತ್ತಿತರರು ಉಡುಪಿಯಲ್ಲಿ ಕಟ್ಟಿದ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ ಮತ್ತವರ ಜೊತೆಗಾರರು ಉಡುಪಿಯಲ್ಲೇ ಕಟ್ಟಿದ್ದು ಸಿಂಡಿಕೇಟ್ ಬ್ಯಾಂಕ್. 1928ರ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನಕ್ಕೆ ಎರಡಾಣೆ ವಸೂಲಿಗೆ ಮನೆ ಬಾಗಿಲಿಗೇ ಬರುತ್ತಿದ್ದರು. ಸಾಲಕ್ಕೆ ಅಂಗಡಿಯವನ ಮುಖ ಒಂದನ್ನೇ ನೋಡಬೇಕಿಲ್ಲ ಎಂಬುದು ಈ ಜಿಲ್ಲೆಯಲ್ಲಿ ಬೇರೆ ಕಡೆಗಿಂತ ಬೇಗ ಗೊತ್ತಾಯಿತು. 2020ರ ಏಪ್ರಿಲ್‌ನಲ್ಲಿ ಎರಡೂ ಬ್ಯಾಂಕುಗಳ ಬೋರ್ಡು ಕಳಚಿತು. ಒಂದು ಯೂನಿಯನ್ ಬ್ಯಾಂಕಿನಲ್ಲಿ, ಇನ್ನೊಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಈ ಜಿಲ್ಲೆಯ ಯಾವ ಮುಖ್ಯರಸ್ತೆಯಲ್ಲಿ ನಡೆದರೂ ಜನ ಇನ್ನೂ ಹಳೇ ಹೆಸರಿನಲ್ಲೇ ದಾರಿ ಹೇಳುತ್ತಾರೆ.

ಆದರೆ ನಿಜವಾದ ತಿರುವು 1974ರದು. ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿಯೇ ಇಲ್ಲ, ಉಳುವವನೇ ಒಡೆಯ. ಕರಾವಳಿಯಲ್ಲಿ ಅದನ್ನು ‘ಡಿಕ್ಲರೇಶನ್’ ಎಂದೇ ಕರೆಯುವುದು, ಒಕ್ಕಲುಗಳು ತುಂಬಿಕೊಟ್ಟ ಅರ್ಜಿಯ ಹೆಸರಿನಿಂದ. ಯಾರು ಡಿಕ್ಲರೇಶನ್ ಕೊಟ್ಟರು, ಯಾರು ಧನಿಗಳ ಮುಖ ನೋಡಿ ಕೊಡದೆ ಉಳಿದರು ಎಂಬುದು ಇವತ್ತಿಗೂ ಮನೆಗಳಲ್ಲಿ ಮಾತಿಗೆ ಬರುವ ವಿಷಯ. ಸಾವಿರಾರು ಮುಡಿ ಗೇಣಿ ಅಕ್ಕಿ ದೊಡ್ಡ ಮನೆಗಳ ಅಂಗಳಕ್ಕೆ ಬರುವುದು ನಿಂತಿತು. ದೇವಸ್ಥಾನ, ಮಠ, ಬಸದಿಗಳ ಉಂಬಳಿ ಭೂಮಿಯೂ ಹೋಯಿತು. 1586ರ ತೆಳಾರಿನ ಅಕ್ಕಿಯಂಥ ವ್ಯವಸ್ಥೆಗಳ ಕೊನೆಯ ಕೊಂಡಿ ಕಳಚಿದ್ದು ಆವಾಗ ಎಂದರೂ ತಪ್ಪಿಲ್ಲ. ಬಸದಿಯ ಮಾಡು ಸೋರಿದರೆ ಸರಿಪಡಿಸಲು ಯಾರ ಬಳಿ ಹೋಗುವುದು ಎಂಬ ಪ್ರಶ್ನೆ ಎದ್ದಿತು. ಅದೇ ಹೊತ್ತಿಗೆ, ತಲೆತಲಾಂತರದಿಂದ ಜಗಲಿಯ ಕೆಳಗೆ ನಿಂತವರು ಮೊದಲ ಬಾರಿ ತಮ್ಮದೇ ಅಕ್ಕಿ, ತಮ್ಮದೇ ಅಡಿಕೆ ಮಾರಿದ ದುಡ್ಡು ಹಿಡಿದು ಅಂಗಡಿಯ ಒಳಗೆ ಬಂದರು. ಬೀಡಿ ಕಟ್ಟುವ ಹೆಂಗಸರು ವಾರದ ಮಜೂರಿ ತಂದು ಚಿನ್ನದ ಅಂಗಡಿಯ ಸ್ಕೀಮಿಗೆ ಕಟ್ಟಿದರು. ಬೀದಿಯ ಚರಿತ್ರೆಯಲ್ಲಿ ಇದೂ ಒಂದು ಕಂಬ ನಿಲ್ಲಿಸಬಹುದಾದ ಘಟನೆ. ಇವೆರಡನ್ನೂ ಒಟ್ಟಿಗೆ ಹೇಳದೆ ಕಾರ್ಕಳದ ಪರಂಪರೆಯ ಬಗ್ಗೆ ಬರೆಯುವುದು ನನಗೆ ಅರ್ಧ ಸತ್ಯ ಅನ್ನಿಸುತ್ತದೆ.

ಮುಡಿ ಮಾತ್ರ ಬಚಾವಾಗಲಿಲ್ಲ. ಸೇರು, ಕಳಸಿಗೆಯ ಜಾಗಕ್ಕೆ ಕಿಲೋ ಬಂತು, ಬೈಹುಲ್ಲಿನ ಜಾಗಕ್ಕೆ ಗೋಣಿ, ಆಮೇಲೆ ಪ್ಲಾಸ್ಟಿಕ್ ಚೀಲ. ಗಿರಣಿಗಳಂತೂ ಉಳಿದವು. ಕುಚ್ಚಲಕ್ಕಿ ಗಿರಣಿ ಎಂದರೆ ಕರಾವಳಿಯಲ್ಲಿ ಇವತ್ತಿಗೂ ಕಾರ್ಕಳದ ಹೆಸರು ಬರುತ್ತದೆ. ಆದರೆ ಅಲ್ಲಿ ಬೇಯುವ ಭತ್ತವೆಲ್ಲ ಇಲ್ಲಿನ ಗದ್ದೆಯದಲ್ಲ, ಲಾರಿಗಳಲ್ಲಿ ಘಟ್ಟ ಇಳಿದು ಬಂದದ್ದೂ ಇದೆ. ಒಂದು ಕಾಲಕ್ಕೆ ಗೋವಾಕ್ಕೆ ಅನ್ನ ಕೊಟ್ಟ ನಾಡಿನ ಗಿರಣಿಗೆ ಹೊರಗಿನ ಭತ್ತ! ಕೆಲವು ವರ್ಷಗಳ ಹಿಂದೆ ‘ಕಾರ್ಲ ಕಜೆ’ ಎಂಬ ಹೆಸರಿನಲ್ಲಿ ಇಲ್ಲಿಯ ಕೆಂಪಕ್ಕಿಯನ್ನು ಮಾರುಕಟ್ಟೆಗೆ ತರುವ ಪ್ರಯತ್ನ ಶುರುವಾಯಿತು. ಕಾರ್ಲ ಎಂದರೆ ತುಳುವಿನಲ್ಲಿ ಕಾರ್ಕಳ. ಹಡಿಲು ಬಿದ್ದ ಗದ್ದೆಗಳ ನಡುವೆ ಆ ಅಕ್ಕಿ ಎಷ್ಟು ದೂರ ಹೋಗುತ್ತದೆ ಎಂದು ನೋಡಬೇಕು.

ಪೇಟೆ ಈಗ ಇನ್ನೊಮ್ಮೆ ಎದ್ದು ಹೊರಟಿದೆ. ಮಂಗಳೂರಿನ ಬಿಕರ್ನಕಟ್ಟೆಯಿಂದ ಕಾರ್ಕಳದ ಹೊರವಲಯದ ಸಾಣೂರಿನ ತನಕ ರಾಷ್ಟ್ರೀಯ ಹ‌ೆದ್ದಾರಿ 169 ಚತುಷ್ಪಥವಾಗುತ್ತಿದೆ. ಬೈಪಾಸಿನ ಬದಿಯಲ್ಲಿ ಪೆಟ್ರೋಲ್ ಬಂಕ್, ಶೋರೂಮ್, ಗ್ರಾನೈಟ್ ಮಳಿಗೆ, ಮದುವೆ ಹಾಲ್. ಕಾರು ನಿಲ್ಲಿಸಲು ಜಾಗ ಇರುವ ಕಡೆ ಗಿರಾಕಿ. ಹಳೇ ಮುಖ್ಯರಸ್ತೆಯಲ್ಲಿ ಕಾರು ನಿಲ್ಲಿಸುವುದೆಂದರೆ ಬಸ್ಸಿನವನ ಬೈಗುಳ. ಹಾಗಾಗಿ ರಸ್ತೆ ಅಗಲ ಮಾಡಿ ಎಂಬ ಬೇಡಿಕೆ ಇರುವುದು ಸಹಜ, ಅಗಲ ಮಾಡಿದರೆ ಮೊದಲು ಹೋಗುವುದು ಜಗಲಿ ಮತ್ತು ಹಲಗೆ ಬಾಗಿಲು ಎಂಬುದೂ ಅಷ್ಟೇ ಸಹಜ.

ಗೊಮ್ಮಟ ಮತ್ತು ಚತುರ್ಮುಖ ಬಸದಿಗೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ಆ ಕಾನೂನು 2010ರ ತಿದ್ದುಪಡಿಯ ನಂತರ ಇನ್ನೂ ಬಿಗಿಯಾಯಿತು: ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಸ್ಮಾರಕದ ದೃಷ್ಟಿಯಿಂದ ಒಳ್ಳೆಯದೇ. ಆದರೆ 100 ಮೀಟರಿನೊಳಗೆ ಅಜ್ಜನ ಕಾಲದ ಮನೆ ಇರುವವನಿಗೆ ಮಗನ ಮದುವೆಗೆ ಒಂದು ಕೋಣೆ ಹೆಚ್ಚು ಮಾಡುವುದೂ ಕಷ್ಟ, ರಿಪೇರಿಗೂ ದೆಹಲಿಯ ಕಾಗದ ಬೇಕು. ಅದೇ 300 ಮೀಟರ್ ದಾಟಿದ ಕಡೆ ನೂರು ವರ್ಷದ ಮರದ ಅಂಗಡಿಯನ್ನು ಒಂದೇ ದಿನದಲ್ಲಿ ಜೆಸಿಬಿ ತಂದು ಕೆಡವಿದರೂ ಈ ಕಾನೂನು ತಡೆಯುವುದಿಲ್ಲ. ಕಲ್ಲಿನದಕ್ಕೆ ಅತಿಯಾದ ಕಾವಲು, ಮರದ್ದಕ್ಕೆ ಕಾವಲೇ ಇಲ್ಲ. ನನಗೆ ಕೇಳಿದರೆ ಎರಡೂ ಕಡೆ ಸೋಲುವುದು ಅಲ್ಲಿ ವಾಸ ಮಾಡುವವರು.

ಅಲ್ಲಿಂದ ಒಂದು ಗಂಟೆಯ ದಾರಿ ಮಣಿಪಾಲ. ಅಲ್ಲಿನ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಒಂದು ಪೇಟೆಬೀದಿಯನ್ನೇ ಮರುಸೃಷ್ಟಿ ಮಾಡಿಸಿದ್ದಾರೆ. ಬ್ಯಾಂಕ್ ನೌಕರಿಯಲ್ಲಿದ್ದ ಮನುಷ್ಯ, ಜನ ಕೆಡವಿ ಮಾರುತ್ತಿದ್ದ ಮನೆಗಳನ್ನು ತೊಲೆ ತೊಲೆಗೂ ಗುರುತು ಹಾಕಿಸಿ ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದವರು. ಕಾಪು ಕಡೆಯ ಕುಂಜೂರು ಚೌಕಿಮನೆಯೂ ಅಲ್ಲಿದೆ. ಅವರು ಆ ಕೆಲಸ ಮಾಡದಿದ್ದರೆ ಅಷ್ಟೂ ಸೌದೆಯಾಗಿ ಹೋಗುತ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಅಲ್ಲಿನ ಅಂಗಡಿಗಳಲ್ಲಿ ತಕ್ಕಡಿ ಇದೆ, ಡಬ್ಬಿ ಇದೆ, ಬೋರ್ಡು ಇದೆ. ಬಾಕಿ ಕೇಳುವವನೂ ಇಲ್ಲ, ಬಾಕಿ ಉಳಿಸಿದವನೂ ಇಲ್ಲ. ಮ್ಯೂಸಿಯಂ ಅದನ್ನು ತೋರಿಸಬೇಕು ಎಂದು ನಿರೀಕ್ಷಿಸುವುದೂ ನ್ಯಾಯ ಅಲ್ಲ.

ಆ ಬಾಕಿಯ ಕಥೆ ಇರುವುದು ಅಂಗಡಿಗಳ ಲೆಕ್ಕದ ಪುಸ್ತಕಗಳಲ್ಲಿ. ದೀಪಾವಳಿಗೆ ಪೂಜೆ ಮಾಡಿ, ಮೊದಲ ಪುಟದಲ್ಲಿ ಶ್ರೀ ಬರೆದು ಶುರು ಮಾಡಿದ ಉದ್ದನೆಯ ಪುಸ್ತಕಗಳು. ಯಾವ ಊರಿನವರು, ಎಷ್ಟು ಮುಡಿ ತಂದರು, ಬದಲಿಗೆ ಏನು ಒಯ್ದರು, ಎಷ್ಟು ಉಳಿಸಿಕೊಂಡರು, ಯಾವ ವರ್ಷ ಮುಡಿ ಹೋಗಿ ಕ್ವಿಂಟಾಲ್ ಬಂತು, 1974ರ ಮೇಲೆ ಯಾರ ಹೆಸರು ಹೊಸದಾಗಿ ಸೇರಿತು ಎಲ್ಲ ಅದರಲ್ಲಿ ಇರಬೇಕು. ಅಂಗಡಿ ಮುಚ್ಚುವಾಗ ಮರ ಪೀಠೋಪಕರಣದವರಿಗೆ ಹೋಗುತ್ತದೆ, ಹಿತ್ತಾಳೆ ಪಾತ್ರೆಯವರಿಗೆ ಹೋಗುತ್ತದೆ, ಪುಸ್ತಕಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ. ಕಾರ್ಕಳ, ಉಡುಪಿ, ಕಾಪುವಿನ ಕಡೆಯ ನಮ್ಮ ಓದುಗರ ಮನೆಯ ಅಟ್ಟದಲ್ಲಿ ಅಂಥದ್ದೇನಾದರೂ ಇದ್ದರೆ ಗುಜರಿಯವನು ಬರುವ ಮೊದಲು ಒಂದು ಮಾತು ತಿಳಿಸಿ. ಪುಸ್ತಕ ನಿಮ್ಮಲ್ಲೇ ಇರಲಿ, ನಾವು ಬಂದು ಪುಟಗಳ ಫೋಟೋ ತೆಗೆದುಕೊಂಡು ಹೋಗುತ್ತೇವೆ. ಸಾಲಗಾರರ ಹೆಸರು ಹೊರಗೆ ಬಾರದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ.